ಉಪ್ಪಿನ ಲೆಕ್ಕ

ಇಂಟರ್‌ವ್ಯೂನಲ್ಲಿ ಕೇಳಿದ್ದರು,
ನಿಮ್ಮೂರಿಗೆ ಸಮುದ್ರ ಎಷ್ಟು ದೂರ?
ಊರ ಹೆಸರಲ್ಲೇ ಇದೆ ಸಾರ್, ಅಂದೆ:
ಬೊಮ್ಮಸಮುದ್ರ, ಚಳ್ಳಕೆರೆ ತಾಲ್ಲೂಕು.
ಯಾವನೋ ಪಾಳೇಗಾರ ಕೆರೆ ಕಟ್ಟಿಸಿ
ಹೆಮ್ಮೆ ತಡೆಯಲಾರದೆ ಇಟ್ಟ ಹೆಸರು.
ನಕ್ಕರು. ಕೆಲಸ ಸಿಕ್ಕಿತು.
ಕೆರೆಯಂಗಳದಲ್ಲಿ ಜಾಲಿ ಬೆಳೆದಿದೆಯೆಂದು
ನಾನು ಹೇಳಲಿಲ್ಲ, ಅವರು ಕೇಳಲಿಲ್ಲ.

ಒತ್ತಡವೆಂದರೇನೆಂದು ಕಾಲೇಜಿಗೂ ಮೊದಲೇ
ಕಲಿಸಿದವನು ಅಪ್ಪ,
ಶೇಂಗಾ ಎಣ್ಣೆ ಮಿಲ್ಲಿನ ಬಾಯ್ಲರ್ ಮಾರಣ್ಣ.
ಬುತ್ತಿ ಕೊಡಲು ಹೋದಾಗ
ಗಾಜಿನ ಹಿಂದೆ ನಡುಗುವ ಮುಳ್ಳು ತೋರಿಸಿ,
'ಇದರ ಮುಖ ನೋಡ್ಕಂಡೇ ಮಾತಾಡ್ಬೇಕು ಮಗಳೇ,
ಕೆಂಪಿಗೆ ಹೋದ್ರೆ ನಿಮ್ಮಪ್ಪ ಇಲ್ಲ.'

ಮೂವತ್ತೊಂದು ವರ್ಷ ನಾನೂ
ಮುಳ್ಳಿನ ಮುಖ ನೋಡಿಕೊಂಡೇ ಮಾತಾಡಿದೆ.
ಅರವತ್ತು ಬಾರ್. ಅರವತ್ತೆರಡು.
ಪೊರೆಯ ಆಚೆ ನೀರು, ಈಚೆ ಉಪ್ಪು.
ಅದರ ಪಾಡಿಗೆ ಬಿಟ್ಟರೆ
ಸಿಹಿನೀರು ಉಪ್ಪಿನ ಕಡೆಗೇ ನಡೆಯುತ್ತದೆ,
ತವರಿಗೆ ಹೊರಟವಳ ಹಾಗೆ.
ಅಡ್ಡ ನಿಂತು ತಿರುಗಿಸಿ ತಳ್ಳಿದ್ದಕ್ಕೆ
ನನಗೆ ತಿಂಗಳ ಸಂಬಳ.

ಒಂದು ರಾತ್ರಿ ಅಂಬಲಿ ಮೀನುಗಳು
ಲಕ್ಷಗಟ್ಟಲೆ ಬಂದು ಜಾಲರಿಗೆ ಕವುಚಿಕೊಂಡವು.
ನಾನು, ಸೆಲ್ವಮಣಿ, ಇಬ್ಬರು ಗುತ್ತಿಗೆ ಹುಡುಗರು
ಮೊಣಕಾಲುದ್ದ ಲೋಳೆಯಲ್ಲಿ ನಿಂತು
ಬೆಳಗಿನವರೆಗೆ ಸಲಿಕೆಯಲ್ಲಿ ಎತ್ತಿ ಹಾಕಿದೆವು.
ಕೈ ಬಾತು ಬಳೆ ಕತ್ತರಿಸಬೇಕಾಯಿತು.
ಪಟ್ಟಣದಲ್ಲಿ ಅವತ್ತು ನಲ್ಲಿ ಅರ್ಧ ಗಂಟೆ ತಡ.
ಅಷ್ಟೇ.

ನಿವೃತ್ತಳಾಗಿ ದುರ್ಗದಲ್ಲಿ ಮನೆ ಹಿಡಿದ ಮೇಲೆ
ಪಂಚಾಯ್ತಿಯಿಂದ ಫೋನು:
ಶುದ್ಧ ನೀರಿನ ಘಟಕ ಕೆಟ್ಟು ನಾಲ್ಕು ತಿಂಗಳು.
ಹೋಗಿ ಬಿಚ್ಚಿ ನೋಡಿದರೆ
ಪೊರೆಯ ತುಂಬ ಸುಣ್ಣ, ಮುದುಕಿಯ ಎಲೆಡಿಕೆ ಚೀಲದ ಹಾಗೆ.
ಚಿಕ್ಕವ್ವ ಸಣ್ಣಬೋರಮ್ಮ ಬಂದಳು ಕೋಲೂರಿಕೊಂಡು.
ನಕ್ಕಳು, ಬಾಯಿಗೆ ಸೆರಗು ಅಡ್ಡ ಹಿಡಿದು.
ಬೋರಿನ ನೀರು ಕಂದು ಬರೆದ ಹಲ್ಲು,
ಬೆನ್ನನ್ನೂ ಅದೇ ಬಗ್ಗಿಸಿದ್ದು.
ಇಡೀ ಒಂದು ನಗರಕ್ಕೆ ನೀರು ಕುಡಿಸಿದವಳು ನಾನು.
ಈ ಸೆರಗು ಅಷ್ಟು ವರ್ಷ ಅಲ್ಲೇ ಇತ್ತು.

ಪೊರೆ ಬದಲಿಸಿದೆ. ಪಂಪು ಕೆಮ್ಮಿ, ಹೊರಟಿತು.
ಐದು ರೂಪಾಯಿ ಹಾಕಿದರೆ ಒಂದು ಕ್ಯಾನು.
ಎಲ್ಲರೂ ಮುಂಬಾಗಿಲಲ್ಲಿ;
ಚಿಕ್ಕವ್ವ ನನ್ನನ್ನು ಹಿತ್ತಲಿಗೆ ಕರೆದೊಯ್ದಳು.
ಅಲ್ಲಿ ಇನ್ನೊಂದು ಪೈಪು,
ಬೇಡದ ನೀರನ್ನೆಲ್ಲ ಸದ್ದಿಲ್ಲದೆ ಬಿಡುವುದು,
ಅದರ ದಾರಿಯಲ್ಲಿ ಅವಳ ಹುಣಸೆಮರ:
ಒಂದು ಮಗ್ಗುಲು ಪೂರಾ ಒಣಗಿ,
ಬುಡದಲ್ಲಿ ಬಿಳಿ ಹಕ್ಕಳೆ.

'ಅಲ್ಲಿ ಇದನ್ನ ಎತ್ತಾಗೆ ಬಿಡ್ತಿದ್ರವ್ವ?'
ಕಡಲಿಗೆ, ಅಂದೆ.
'ಕಡಲು ಏನೂ ಅಂತಿರ್ಲಿಲ್ವಾ?'

ಉಪ್ಪು ತಿಂದವರು ನೀರು ಕುಡಿಯಲೇಬೇಕು, ನಿಜ.
ನೀರು ಕುಡಿದವರು ಉಪ್ಪನ್ನು
ಎಲ್ಲಿಡಬೇಕೆಂದು ಗಾದೆ ಹೇಳುವುದಿಲ್ಲ.
ನನ್ನ ಡಿಗ್ರಿಯೂ ಹೇಳಿರಲಿಲ್ಲ;
ಪೈಪು ಉದ್ದವಿದ್ದರೆ ಸಾಕು ಅಂದಿತ್ತು.

ಅವಳೇ ಕೋಲೆತ್ತಿ ಜಾಲಿಯ ಕಡೆ ತೋರಿಸಿದಳು:
'ನಮ್ಮೂರಾಗೂ ಐತಲ್ಲ ಸಮುದ್ರ.'

ಹದಿನೇಳು ಆಳು, ಎರಡು ದಿನ.
ಬತ್ತಿದ ಕೆರೆಯ ಮೂಲೆಯಲ್ಲಿ ಆಳವಿಲ್ಲದ ಹೊಂಡ,
ಅಡಿಗೆ ದಪ್ಪ ಟಾರ್ಪಾಲು, ಅಲ್ಲಿಗೆ ಪೈಪು.
ಪರಿಹಾರವೇನಲ್ಲ ಇದು, ನನಗೆ ಗೊತ್ತು;
ಹೊಂಡ ತುಂಬುತ್ತದೆ, ಟಾರ್ಪಾಲು ಹರಿಯುತ್ತದೆ.
ಬೇಸಿಗೆಗೆ ತಳದಲ್ಲಿ ಬೆಳ್ಳಗೆ ಕಟ್ಟಿತ್ತು.
ಚೂರು ನಾಲಿಗೆಗೆ ತಾಗಿಸಿದೆ.
ಕಡಲಿನದಲ್ಲ. ಕಹಿ.

ಘಟಕದ ಹುಡುಗ ಓಬಳೇಶನ ರಿಜಿಸ್ಟರಿನಲ್ಲಿ
ಸ್ಕೇಲಿಟ್ಟು ಮೂರನೇ ಗೆರೆ ಎಳೆದುಕೊಟ್ಟೆ:
ಬೋರಿನಿಂದ ಬಂದದ್ದು ಸಾವಿರ ಲೀಟರು,
ಕ್ಯಾನಿಗೆ ಹೋದದ್ದು ನಾನೂರು,
ಉಳಿದದ್ದು, ಎಲ್ಲಿಗೆ.
'ಈ ಕಾಲಂ ಯಾರು ನೋಡ್ತಾರೆ ಮೇಡಂ?'

ಹೊರಗೆ ಯಾರದೋ ಕ್ಯಾನು ತುಂಬಿ ಚೆಲ್ಲುತ್ತಿತ್ತು.
ಮೊದಲು ಅದನ್ನ ನಿಲ್ಸಪ್ಪ, ಅಂದೆ.